ಶಿಲ್ಕು, ಸರ್‌ಪ್ಲಸ್, ಸೋಬ್ರ

ಬೆಂಗಳೂರಿನಲ್ಲಿ ಸಂಜೆ ನಾಲ್ಕೂವರೆಯಾದಾಗ ಸಾವೊ ಪಾವ್ಲೊದಲ್ಲಿ ಬೆಳಗಿನ ಎಂಟು ಗಂಟೆ. ಸರಿಯಾಗಿ ಆ ಹೊತ್ತಿಗೆ ನಮ್ಮ ಕಂಪನಿಯ ಬ್ರೆಜಿಲ್ ಘಟಕದಿಂದ ಹಿಂದಿನ ದಿನದ ನಗದು ವರದಿ ನನಗೆ ಬರುತ್ತದೆ. ಅದರ ಮೇಲ್ಭಾಗದಲ್ಲಿ ಸಾಮಾನ್ಯವಾಗಿ ಮೂರು ಸಾಲುಗಳಿರುತ್ತವೆ. ಮೊದಲನೆಯದು ಕಾಯ್ಶ, ಎಂದರೆ ಕೈಯಲ್ಲಿರುವ ನಗದು. ಎರಡನೆಯದು ಬಾಂಕುಸ್ ಕೊಂತ ಮೊವಿಮೆಂತು, ಎಂದರೆ ಬ್ಯಾಂಕಿನ ಚಾಲ್ತಿ ಖಾತೆಯಲ್ಲಿ ಓಡಾಡುತ್ತಿರುವ ಹಣ. ಮೂರನೆಯದು ಅಪ್ಲಿಕಸೋಯ್ಸ್ ದಿ ಲಿಕಿದೇಸ್ ಇಮೆಡಿಯಾತ, ಎಂದರೆ ಬೇಕೆಂದಾಗ ಬಿಡಿಸಿಕೊಳ್ಳಬಹುದಾದ ಹೂಡಿಕೆ. ಇವನ್ನು ಇಂಗ್ಲಿಷಿಗೆ ತಂದು, ಬೇರೆ ದೇಶಗಳ ಘಟಕಗಳ ಲೆಕ್ಕದೊಡನೆ ಸೇರಿಸಿ, ಇಡೀ ಸಮೂಹದಲ್ಲಿ ಸದ್ಯದ ವ್ಯವಹಾರಕ್ಕೆ ಬೇಡವಾಗಿರುವ ಹಣ ಎಷ್ಟಿದೆ ಎಂದು ತಿಳಿಸುವುದು ನನ್ನ ಕೆಲಸ. ಈ ಹಣಕ್ಕೆ ಇಂಗ್ಲಿಷ್ ಮತ್ತು ಪೋರ್ಚುಗೀಸ್ ಭಾಷೆಗಳಲ್ಲಿರುವ ಹೆಸರುಗಳ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಪೋರ್ಚುಗೀಸ್ ಪದಗಳನ್ನು ಇಲ್ಲಿ ಬ್ರೆಜಿಲ್‌ನವರ ಉಚ್ಚಾರಣೆಗೆ ಆದಷ್ಟು ಹತ್ತಿರವಾಗಿ ಕನ್ನಡದಲ್ಲಿ ಬರೆದಿದ್ದೇನೆ.

ಇದರಲ್ಲಿ ನನ್ನ ಮೊದಲ ಪಾಠ ಹುಬ್ಬಳ್ಳಿಯಲ್ಲೇ ಆಗಿತ್ತು. ಅಮರಗೋಳದ ಮಾರುಕಟ್ಟೆಯಲ್ಲಿ ಅಪ್ಪನ ದಲಾಲಿ ಅಂಗಡಿ ಇತ್ತು. ಸಂಜೆ ದಿವಾನಜಿಯವರು ಕೀರ್ದಿ ಮುಗಿಸಿ, ತಿಜೋರಿಯ ನೋಟುಗಳನ್ನು ಎಣಿಸಿ, ಪುಟದ ಕೊನೆಯಲ್ಲಿ ಆಖೈರು ಶಿಲ್ಕನ್ನು, ಎಂದರೆ ದಿನದ ಕೊನೆಗೆ ಕೈಯಲ್ಲಿರುವ ನಗದನ್ನು, ಬರೆಯುತ್ತಿದ್ದರು. ಶೇಂಗಾ ಸುಗ್ಗಿಯ ಒಂದು ದಿನ ಆ ಅಂಕಿ ಬಹಳ ದೊಡ್ಡದಾಗಿದ್ದುದನ್ನು ಕಂಡು, ಇಷ್ಟೊಂದು ಉಳಿಯಿತೇ ಎಂದು ನಾನು ಹಿಗ್ಗಿ ಕೇಳಿದ್ದೆ. ಅಪ್ಪ, "ಶಿಲ್ಕ ಅಂದ್ರ ಉಳದ ರೊಕ್ಕ ಅಲ್ಲವಾ, ನಾಳೆ ರೈತರಿಗೆ ಕೊಡೂ ರೊಕ್ಕಾನೂ ಅದರಾಗ ಐತಿ" ಎಂದು ಹೇಳಿ, ಇನ್ನೂ ಪಾವತಿಯಾಗದ ಪಟ್ಟಿಗಳ ಕಟ್ಟನ್ನು ನನ್ನ ಮುಂದೆ ಇಟ್ಟಿದ್ದರು. ಆ ಪಟ್ಟಿಗಳ ಮೊತ್ತವನ್ನೂ ಹಮಾಲಿಯನ್ನೂ ಕಳೆದರೆ ತಿಜೋರಿಯಲ್ಲಿ ನಮ್ಮದೆನ್ನುವುದು ಎಷ್ಟು ಉಳಿಯುತ್ತದೆ ಎಂಬುದನ್ನು ಕೂಡಿಸಿ ಕಳೆಯಲು ನನಗೇ ಬಿಟ್ಟರು. ಇಂದಿಗೂ ನಾನು ಮಾಡುತ್ತಿರುವುದು ಆ ಲೆಕ್ಕವನ್ನೇ. ಹೆಚ್ಚುವರಿ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ, ಯಾವುದನ್ನು ಕಳೆದ ಮೇಲೆ ಹೆಚ್ಚುವರಿ ಎಂದು ಕೇಳದೆ ಮುಂದಕ್ಕೆ ಹೋಗಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆದರೂ ಕೆಲಸಕ್ಕೆ ಸೇರಿದ ಮೊದಲ ವರ್ಷದಲ್ಲಿ ನಾನೇ ಕೇಳದೆ ಮುಂದಕ್ಕೆ ಹೋದೆ. ಬ್ರೆಜಿಲ್ ಘಟಕದ್ದೇ ಆದ, ಬಿಡಿಭಾಗಗಳನ್ನು ಮಾರುವ ಒಂದು ಮಳಿಗೆಯಿತ್ತು. ಅಲ್ಲಿಂದ ಬಂದ ಟಿಪ್ಪಣಿಯಲ್ಲಿ ಸೋಬ್ರ ದಿ ಕಾಯ್ಶ ಎಂಬ ಸಾಲಿನ ಮುಂದೆ 1,840 ರಿಯಾಲ್ ಎಂದಿತ್ತು. ಸೋಬ್ರ ಎಂದರೆ ಮಿಕ್ಕಿದ್ದು, ಕಾಯ್ಶ ಎಂದರೆ ನಗದು. ನಿಘಂಟನ್ನು ನಂಬಿ ಅದನ್ನು ಸರ್‌ಪ್ಲಸ್ ಕ್ಯಾಶ್ ಎಂದು ಅನುವಾದಿಸಿ, ಹೂಡಿಕೆಗೆ ಲಭ್ಯವಿರುವ ಹಣದ ಸಾಲಿಗೆ ಸೇರಿಸಿದೆ. ಸಂದರ್ಭಕ್ಕೆ ತಕ್ಕಂತೆ ಆ ಪದಕ್ಕೆ ಹೆಚ್ಚುವರಿ ನಗದು ಎಂಬ ಅರ್ಥ ಇಲ್ಲದಿಲ್ಲ; ಆದರೆ ಮಳಿಗೆಯ ಗಲ್ಲೆಯ ಮಟ್ಟದಲ್ಲಿ ಅದರ ಅರ್ಥವೇ ಬೇರೆ. ದಿನದ ಕೊನೆಗೆ ಎಣಿಸಿದ ಹಣ, ಇರಬೇಕಾದ ಹಣಕ್ಕಿಂತ ಜಾಸ್ತಿ ಬಂದರೆ ಅದು ಸೋಬ್ರ ದಿ ಕಾಯ್ಶ. ಕಡಿಮೆ ಬಂದರೆ ಅದು ಕೆಬ್ರ ದಿ ಕಾಯ್ಶ, ಎಂದರೆ ಗಲ್ಲೆಯ ಮುರುಕು. ಗಲ್ಲೆಯಲ್ಲಿ ಕೂರುವ ನೌಕರರಿಗೆ ಈ ಮುರುಕಿನ ಅಪಾಯಕ್ಕೆಂದು ಕೊಡುವ ಭತ್ಯೆಗೂ ಅಲ್ಲಿ ಕೆಬ್ರ ದಿ ಕಾಯ್ಶ ಎಂದೇ ಹೆಸರು. ಗಲ್ಲೆಯಲ್ಲಿ ಹಣ ಜಾಸ್ತಿ ಇದೆಯೆಂದರೆ ಒಂದೋ ಯಾರೋ ಗಿರಾಕಿಯಿಂದ ಹೆಚ್ಚು ತೆಗೆದುಕೊಳ್ಳಲಾಗಿದೆ, ಇಲ್ಲವೇ ಯಾವುದೋ ಮಾರಾಟದ ರಸೀದಿ ಬರೆದಿಲ್ಲ. ಅದು ವಿಚಾರಣೆ ನಡೆಸಬೇಕಾದ ಹಣವೇ ಹೊರತು ಹೂಡಬೇಕಾದ ಹಣವಲ್ಲ. ನಾನು ಅದಕ್ಕೆ ಗೌರವದ ಹೆಸರು ಕೊಟ್ಟಿದ್ದರಿಂದ ಆ ವಿಚಾರಣೆ ಮೂರು ವಾರ ತಡವಾಯಿತು.

ಅಂದಿನಿಂದ ನಾನೇ ಒಂದು ಪದಪಟ್ಟಿಯನ್ನು ಬೆಳೆಸುತ್ತ ಬಂದಿದ್ದೇನೆ. ಅದರಲ್ಲಿ ಹೆಚ್ಚು ಜಾಗ ಹಿಡಿದಿರುವುದು ಕಾಯ್ಶ ಎಂಬ ಒಂದೇ ಪದ. ಅದರ ಮೂಲಾರ್ಥ ಪೆಟ್ಟಿಗೆ. ಬ್ರೆಜಿಲ್‌ನಲ್ಲಿ ಅದಕ್ಕೆ ಸ್ತ್ರೀಲಿಂಗದ ಗುರುತು ಹಚ್ಚಿದರೆ ಪೆಟ್ಟಿಗೆಯಾಗುತ್ತದೆ, ಪುಲ್ಲಿಂಗದ ಗುರುತು ಹಚ್ಚಿದರೆ ಕಂಪನಿಯ ನಗದು ಸ್ಥಿತಿಯೋ ಗಲ್ಲೆಯ ಮೇಲೆ ಕೂತ ನೌಕರನೋ ಆಗುತ್ತದೆ. ವಾಕ್ಯದ ನಡುವೆ ದೊಡ್ಡಕ್ಷರದಿಂದ ಆರಂಭವಾದರೆ ಅದು 1861ರಲ್ಲಿ ಎರಡನೆಯ ಪೆದ್ರು ಚಕ್ರವರ್ತಿಯ ಕಾಲದಲ್ಲಿ ಸ್ಥಾಪನೆಯಾದ ಸರ್ಕಾರಿ ಬ್ಯಾಂಕು, ಕಾಯ್ಶ ಎಕೊನೋಮಿಕ ಫೆಡೆರಾಲ್. ಪೋರ್ಚುಗಲ್‌ನ ಪತ್ರದಲ್ಲಿ ಅದೇ ದೊಡ್ಡಕ್ಷರ ಕಂಡರೆ 1876ರ ಕಾಯ್ಶ ಜೆರಾಲ್ ದಿ ದೆಪೋಜಿತುಸ್ ಎಂದು ತಿಳಿಯಬೇಕು. ಕಾಯ್ಶ ದೋಯ್ಸ್, ಎಂದರೆ ಎರಡನೆಯ ಗಲ್ಲೆ, ಎಂದರೆ ಪುಸ್ತಕಕ್ಕೆ ಏರದ ಕಳ್ಳ ಲೆಕ್ಕ. ಬ್ರೆಜಿಲ್‌ನ ರಾಜಕೀಯ ಸುದ್ದಿಯಲ್ಲಿ ಇದು ಮತ್ತೆ ಮತ್ತೆ ಬರುವ ಮಾತು.

ಇಂಗ್ಲಿಷಿನ ಕ್ಯಾಶ್ ಕೂಡ ಫ್ರೆಂಚ್ ಮತ್ತು ಇಟಾಲಿಯನ್ ದಾರಿಯಿಂದ ಬಂದ ಪೆಟ್ಟಿಗೆಯೇ. ಲ್ಯಾಟಿನ್‌ನ ಕಾಪ್ಸ ಎಂಬ ಪದ ಎರಡಕ್ಕೂ ಮೂಲ. ಆದರೆ ಇಂಗ್ಲಿಷಿನಲ್ಲಿ ಇನ್ನೊಂದು ಕ್ಯಾಶ್ ಇತ್ತು. ದಕ್ಷಿಣ ಭಾರತ ಮತ್ತು ಚೀನಾಗಳ ಚಿಕ್ಕ ನಾಣ್ಯಕ್ಕೆ ಇಂಗ್ಲಿಷ್ ವ್ಯಾಪಾರಿಗಳು ಆ ಹೆಸರನ್ನು ಬಳಸುತ್ತಿದ್ದರು. ಅದು ನಮ್ಮ ತೆಂಕಣ ಭಾಷೆಗಳ ಕಾಸು. ಪೋರ್ಚುಗೀಸರ ಬಾಯಲ್ಲಿ ಕಾಸು ಅವರದೇ ಪೆಟ್ಟಿಗೆಯ ಪದದ ರೂಪ ತಾಳಿ ಕಾಯ್ಶ ಆಯಿತು, ಅವರಿಂದ ಇಂಗ್ಲಿಷರಿಗೆ ದಾಟಿ ಕ್ಯಾಶ್ ಆಯಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ನಾಣ್ಯದ ಮೇಲೆ ಕನ್ನಡದಲ್ಲಿ ಮಯಿಲಿ ಕಾಸು ಎಂದೂ ಇಂಗ್ಲಿಷಿನಲ್ಲಿ ಕ್ಯಾಶ್ ಎಂದೂ ಒಟ್ಟಿಗೆ ಮುದ್ರಿಸಿರುವುದನ್ನು ನೋಡಿದಾಗ, ಊರು ಬಿಟ್ಟು ಹೋದವರು ಬೇರೆ ವೇಷದಲ್ಲಿ ಮರಳಿ ಬಂದು ತಮ್ಮವರ ಪಕ್ಕದಲ್ಲೇ ಕೂತಂತೆ ನನಗೆ ಕಂಡಿತು. ಹುಬ್ಬಳ್ಳಿಯಲ್ಲಿ ನಾವು ಸಂಬಳಕ್ಕೆ ಹೇಳುವ ಪಗಾರವೂ ಹರಾಜಿಗೆ ಹೇಳುವ ಲಿಲಾವೂ ಪೋರ್ಚುಗೀಸರಿಂದಲೇ ಬಂದವು. ಆ ಭಾಷೆಯ ಲೆಕ್ಕಪತ್ರ ನನಗೆ ಪೂರ್ತಿ ಪರಕೀಯವಾಗಿ ತೋರದಿರಲು ಇದೂ ಒಂದು ಕಾರಣವಿರಬೇಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಬ್ರೆಜಿಲ್‌ನ ಸಹೋದ್ಯೋಗಿಗಳು ಚಾಲ್ತಿ ಖಾತೆಯಲ್ಲಿ ಸುಮ್ಮನೆ ಉಳಿದ ಹಣವನ್ನು ದಿನ್ಯೇರು ಪರಾದು ಎನ್ನುತ್ತಾರೆ, ಎಂದರೆ ನಿಂತುಹೋದ ಹಣ. ಕೆಟ್ಟು ನಿಂತ ಗಾಡಿಗೂ ಕೆಲಸ ನಿಂತ ಕಾರ್ಖಾನೆಗೂ ಅವರು ಬಳಸುವ ಪದ ಅದೇ. ಇಂಗ್ಲಿಷಿನ ಐಡಲ್ ಕ್ಯಾಶ್ ಎಂಬುದರಲ್ಲಿ ಸೋಮಾರಿತನದ ಮೃದುವಾದ ಆಕ್ಷೇಪವಷ್ಟೇ ಇದೆ. ಪರಾದು ಎಂಬುದರಲ್ಲಿ ಏನೋ ಕೆಟ್ಟಿದೆ, ಈಗಲೇ ಸರಿಪಡಿಸಬೇಕು ಎಂಬ ತುರ್ತು ಇದೆ. ಈ ತುರ್ತಿನ ಹಿಂದೆ ಒಂದು ಇತಿಹಾಸವಿದೆ. 1989ರ ಒಂದೇ ವರ್ಷದಲ್ಲಿ ಬ್ರೆಜಿಲ್‌ನಲ್ಲಿ ಬೆಲೆಗಳು ಸುಮಾರು 20 ಪಟ್ಟಾದವು. 1990ರ ಮಾರ್ಚ್ ತಿಂಗಳೊಂದರಲ್ಲೇ ಹಣದುಬ್ಬರ ಶೇಕಡಾ 80ನ್ನು ದಾಟಿತು. ಬೆಳಿಗ್ಗೆ ಗಲ್ಲೆಗೆ ಬಿದ್ದ ಹಣ ಮರುದಿನ ಬೆಳಿಗ್ಗೆಯ ಹೊತ್ತಿಗೆ ಸವೆದಿರುತ್ತಿತ್ತು. ಹಾಗಾಗಿ ಕಂಪನಿಗಳು, ಮಧ್ಯಮ ವರ್ಗದ ಮನೆಗಳು ಕೂಡ, ತಮ್ಮ ಹಣವನ್ನು ಪ್ರತಿ ರಾತ್ರಿ ಸರ್ಕಾರಿ ಸಾಲಪತ್ರಗಳ ಮೇಲೆ ಒಂದು ದಿನದ ಮಟ್ಟಿಗೆ ಹೂಡುತ್ತಿದ್ದವು. ಆ ಹೂಡಿಕೆಗೆ ಅವರ ಪೋರ್ಚುಗೀಸಿನಲ್ಲಿ ಸ್ವಂತ ಪದವೇ ಹುಟ್ಟಲಿಲ್ಲ. ಇಂಗ್ಲಿಷಿನ ಓವರ್‌ನೈಟ್ ಎಂಬುದನ್ನೇ ತೆಗೆದುಕೊಂಡು, ಸಲಿಗೆಯಿಂದ ಓವರ್ ಎಂದು ಕರೆದರು. ಒಂದು ರಾತ್ರಿ ಹಣ ಖಾತೆಯಲ್ಲೇ ಉಳಿದರೆ ಅದು ನಿಜವಾದ ನಷ್ಟವಾಗಿದ್ದ ಆ ದಿನಗಳಲ್ಲಿ, ನಗದನ್ನು ನೋಡಿಕೊಳ್ಳುವವರ ಇಡೀ ಜಾಣ್ಮೆ ಹಣ ನಿಲ್ಲದಂತೆ ನೋಡಿಕೊಳ್ಳುವುದರಲ್ಲಿತ್ತು.

ಅನಂತರ 1990ರ ಮಾರ್ಚ್ 16ರಂದು, ಫೆರ್ನಾಂದು ಕೊಲೋರ್ ಅಧ್ಯಕ್ಷರಾದ ಮರುದಿನವೇ, ಸರ್ಕಾರವು ಠೇವಣಿಗಳಲ್ಲಿ, ಆಗಿನ ಕರೆನ್ಸಿಯಾದ ಕ್ರುಜಾದು ನೋವು ಲೆಕ್ಕದಲ್ಲಿ 50,000 ದಾಟಿದ ಹಣವನ್ನು 18 ತಿಂಗಳ ಕಾಲ ತಡೆಹಿಡಿಯಿತು. ಕಂಪನಿಗಳು ಹೆಚ್ಚುವರಿ ಎಂದು ಭಾವಿಸಿದ್ದ ಹಣವಷ್ಟೇ ಅಲ್ಲ, ಆ ವಾರದ ಕೂಲಿ ಕೊಡಲು ಇಟ್ಟಿದ್ದ ಹಣವೂ ಕೈಗೆ ಸಿಗದಂತಾಯಿತು. ಜನ ಅದನ್ನು ಇಂದಿಗೂ ಕೊನ್ಫಿಸ್ಕು, ಎಂದರೆ ಮುಟ್ಟುಗೋಲು, ಎಂದೇ ನೆನೆಯುತ್ತಾರೆ. 1994ರ ಜುಲೈ 1ರಂದು ರಿಯಾಲ್ ಚಲಾವಣೆಗೆ ಬಂದ ಮೇಲೆ ಹಣದುಬ್ಬರ ಹತೋಟಿಗೆ ಬಂತು. ಆದರೆ ಪದಗಳು ಅಷ್ಟು ಬೇಗ ಬದಲಾಗುವುದಿಲ್ಲ. ನಮ್ಮ ಸಾವೊ ಪಾವ್ಲೊದ ಹಿರಿಯ ಸಹೋದ್ಯೋಗಿಯೊಬ್ಬರು ಆ ವರ್ಷಗಳಲ್ಲಿ ಕಿರಿಯ ಗುಮಾಸ್ತರಾಗಿದ್ದವರು. ಚಾಲ್ತಿ ಖಾತೆಯಲ್ಲಿ ದಿನದ ಕೊನೆಗೆ ಸ್ವಲ್ಪ ಹೆಚ್ಚು ಹಣ ಉಳಿದಿದ್ದರೆ ಈಗಲೂ ಅವರು ವರದಿಯ ಜೊತೆಗೆ ಕಾರಣವನ್ನು ವಿವರಿಸಿ ಒಂದು ಸಾಲು ಬರೆಯುತ್ತಾರೆ. ಹಾಗೆ ಬರೆಯಿರಿ ಎಂದು ಯಾರೂ ಅವರಿಗೆ ಹೇಳಿಲ್ಲ.

ನಿಂತ ಹಣಕ್ಕೆ ವಿರುದ್ಧವಾದುದು ಅಪ್ಲಿಕಾದು, ಎಂದರೆ ಹಚ್ಚಿದ ಹಣ. ಹೂಡುವುದಕ್ಕೆ ಬ್ರೆಜಿಲ್‌ನ ದಿನಬಳಕೆಯ ಮಾತು ಅಪ್ಲಿಕಾರ್. ಇದನ್ನು ಕಂಡು ಇಂಗ್ಲಿಷಿನ ಅಪ್ಲಿಕೇಶನ್ ಎಂದು ಬರೆದರೆ, ಓದಿದವರು ಅದನ್ನು ಅರ್ಜಿಯೆಂದೋ ಮೊಬೈಲಿನ ಆ್ಯಪ್ ಎಂದೋ ತಿಳಿಯುತ್ತಾರೆ. ಮೂರನೆಯ ಸಾಲಿನ ಲಿಕಿದೇಸ್ ಇಮೆಡಿಯಾತ ಎಂಬ ಭರವಸೆಯನ್ನೂ ಸ್ವಲ್ಪ ಎಚ್ಚರದಿಂದ ಓದಬೇಕು. ಬ್ಯಾಂಕ್ ಠೇವಣಿ ಪತ್ರವನ್ನು ಬೇಕಾದ ದಿನ ಬಿಡಿಸಿಕೊಳ್ಳಬಹುದು ನಿಜ. ಆದರೆ ಹೂಡಿದ 30 ದಿನಗಳ ಒಳಗೆ ಬಿಡಿಸಿದರೆ, ಬಂದ ಬಡ್ಡಿಯ ಮೇಲೆ ಐಒಎಫ್ ಎಂಬ ತೆರಿಗೆ ಬೀಳುತ್ತದೆ. ಮೊದಲ ದಿನ ಅದು ಬಡ್ಡಿಯ ಶೇಕಡಾ 96ರಷ್ಟಿದ್ದು, ದಿನ ಕಳೆದಂತೆ ಇಳಿಯುತ್ತ ಮೂವತ್ತನೆಯ ದಿನಕ್ಕೆ ಸೊನ್ನೆಯಾಗುತ್ತದೆ. ಅಸಲಿಗೆ ಧಕ್ಕೆಯಿಲ್ಲದ ಕಾರಣ ಲೆಕ್ಕದಲ್ಲಿ ಅದು ನಗದಿನ ಸಮಾನವೇ. ಆದರೆ ಹತ್ತು ದಿನಗಳಲ್ಲಿ ಬೇಕಾಗುವ ಹಣವನ್ನು ಹಾಗೆ ಹಚ್ಚಿ ಹೆಚ್ಚೇನೂ ದಕ್ಕಿಸಿಕೊಂಡಂತಾಗುವುದಿಲ್ಲ.

ಇಂಗ್ಲಿಷಿನಲ್ಲಿ ಪದಗಳು ಹಂಚಿಕೆಯಾಗಿರುವ ಬಗೆಯೇ ಬೇರೆ. ಅಲ್ಲಿ ಹಣಕ್ಕೆ ಹೆಸರಿಡುವುದು ಅದು ಎಲ್ಲಿದೆ, ಏನು ಮಾಡುತ್ತಿದೆ ಎಂಬುದನ್ನು ನೋಡಿಯಲ್ಲ, ಅದನ್ನು ನೋಡುತ್ತಿರುವವರು ಯಾರು ಎಂಬುದರ ಮೇಲೆ. ಕಂಪನಿಯ ಆಡಳಿತ ಮಂಡಳಿಗೆ ಅದು ಕುಶನ್, ಎಂದರೆ ಆಸರೆಯ ದಿಂಬು. ಇನ್ನೊಂದು ಕಂಪನಿಯನ್ನು ಕೊಳ್ಳಲು ಹೊಂಚು ಹಾಕುತ್ತಿರುವವರಿಗೆ ಅದು ವಾರ್ ಚೆಸ್ಟ್, ಎಂದರೆ ಯುದ್ಧದ ಪೆಟ್ಟಿಗೆ. ಹೂಡಿಕೆ ನಿಧಿಗಳಲ್ಲಿ ಅದು ಡ್ರೈ ಪೌಡರ್, ಎಂದರೆ ಒದ್ದೆಯಾಗದಂತೆ ಕಾಪಾಡಿಟ್ಟ ಮದ್ದು. ಲಾಭಾಂಶಕ್ಕಾಗಿ ಕಾದು ಬೇಸತ್ತ ಷೇರುದಾರರಿಗೆ ಅದೇ ಹಣ ಕ್ಯಾಶ್ ಪೈಲ್, ಎಂದರೆ ಗುಡ್ಡೆ ಹಾಕಿಕೊಂಡ ರಾಶಿ. 2011ರ ಕೊನೆಗೆ ಆಪಲ್ ಕಂಪನಿಯ ಬಳಿ ಸುಮಾರು 9,800 ಕೋಟಿ ಡಾಲರ್ ನಗದು ಮತ್ತು ಹೂಡಿಕೆಗಳಿದ್ದಾಗ ಪತ್ರಿಕೆಗಳು ಅದನ್ನು ಕರೆದದ್ದು ರಾಶಿಯೆಂದೇ. 2012ರ ಮಾರ್ಚಿನಲ್ಲಿ ಕಂಪನಿ ಲಾಭಾಂಶವನ್ನು ಮತ್ತೆ ಕೊಡುವುದಾಗಿ ಪ್ರಕಟಿಸಿತು. 2018ರಲ್ಲಿ ತನ್ನ ಗುರಿ ನೆಟ್ ಕ್ಯಾಶ್ ನ್ಯೂಟ್ರಲ್ ಎಂದು ಹೇಳಿತು. ಎಂದರೆ, ಕಾಲಕ್ರಮದಲ್ಲಿ ಸಾಲವನ್ನೂ ನಗದನ್ನೂ ಸರಿಸಮ ಮಾಡಿ, ಮಿಕ್ಕಿದ್ದನ್ನು ಷೇರುದಾರರಿಗೆ ಮರಳಿಸುವುದು. ಸಾಲವನ್ನು ಕಳೆದ ಮೇಲೆ ಎಂಬ ಮಾತನ್ನು ಪದದೊಳಗೇ ಇಟ್ಟಿರುವುದರಿಂದ ಆ ಪದ ನನಗೆ ಮೆಚ್ಚುಗೆಯಾಗುತ್ತದೆ.

ನಮ್ಮ ಬೆಂಗಳೂರಿನಲ್ಲೂ ಇದೇ ವಾದ ನಡೆದಿದೆ. ಇನ್ಫೋಸಿಸ್ ತನ್ನ ಬಳಿಯಿದ್ದ ಹಣವನ್ನು ಷೇರುದಾರರಿಗೆ ಮರಳಿಸಬೇಕೆಂದು ಅದರ ಕೆಲವು ಮಾಜಿ ಅಧಿಕಾರಿಗಳು 2014ರಲ್ಲೇ ಬಹಿರಂಗವಾಗಿ ಕೇಳಿದ್ದರು. ಕಂಪನಿಯ ಮೊದಲ ಷೇರು ಮರುಖರೀದಿ ನಡೆದದ್ದು 2017ರಲ್ಲಿ, 13,000 ಕೋಟಿ ರೂಪಾಯಿಗೆ. ಅದಾದ ಎರಡು ವರ್ಷಗಳಲ್ಲಿ, ಐದು ವರ್ಷಗಳ ಅವಧಿಯಲ್ಲಿ ಫ್ರೀ ಕ್ಯಾಶ್ ಫ್ಲೋದ, ಎಂದರೆ ಬಿಡುವಾದ ನಗದಿನ ಹರಿವಿನ, ಸುಮಾರು ಶೇಕಡಾ 85ನ್ನು ಮರಳಿಸುವ ನೀತಿಯನ್ನು ಅದು ಪ್ರಕಟಿಸಿತು. ಈ ಫ್ರೀ ಎಂಬ ವಿಶೇಷಣವನ್ನು ಪೋರ್ಚುಗೀಸರು ಫ್ಲುಕ್ಸು ದಿ ಕಾಯ್ಶ ಲೀವ್ರಿ ಎಂದು ಪದಕ್ಕೆ ಪದ ತಂದುಕೊಂಡಿದ್ದಾರೆ. ಅರ್ಥಶಾಸ್ತ್ರಜ್ಞ ಮೈಕೆಲ್ ಜೆನ್ಸೆನ್ 1986ರಲ್ಲಿ ಅದಕ್ಕೆ ಕೊಟ್ಟ ಅರ್ಥ ಬಹಳ ಬಿಗಿಯಾದುದು. ಲಾಭ ತರಬಲ್ಲ ಯೋಜನೆಗಳಿಗೆಲ್ಲ ಹಣ ಒದಗಿಸಿದ ಮೇಲೆ ಉಳಿಯುವುದು ಮಾತ್ರ ಬಿಡುವಾದ ಹಣ. ಅದನ್ನು ವ್ಯವಸ್ಥಾಪಕರ ಕೈಯಲ್ಲಿ ಬಿಟ್ಟರೆ ಅದು ವ್ಯರ್ಥ ವಿಸ್ತರಣೆಗೆ ಸೋರಿಹೋಗುವ ಅಪಾಯವಿದೆ ಎಂದು ಅವರು ವಾದಿಸಿದ್ದರು. ಇಂದು ಕಚೇರಿಗಳಲ್ಲಿ ವ್ಯವಹಾರದಿಂದ ಬಂದ ನಗದಿನಿಂದ ಯಂತ್ರ, ಕಟ್ಟಡಗಳ ಖರ್ಚನ್ನು ಕಳೆದು ಉಳಿದದ್ದಕ್ಕೆ ಅದೇ ಹೆಸರನ್ನು ಇಡುತ್ತಾರೆ. ಎರಡು ಅರ್ಥಗಳ ನಡುವಿನ ಅಂತರ ಸಣ್ಣದಲ್ಲ.

ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಸರ್‌ಪ್ಲಸ್ ಎಂಬ ಪದವೇ. ನಮ್ಮ 2013ರ ಕಂಪನಿ ಕಾಯ್ದೆಯ ಮೂರನೆಯ ಅನುಸೂಚಿಯ ನಮೂನೆಯಲ್ಲಿ ಅನೇಕ ಕಂಪನಿಗಳ ಆಸ್ತಿ-ಹೊಣೆ ಪಟ್ಟಿಯಲ್ಲಿ ರಿಸರ್ವ್ಸ್ ಅಂಡ್ ಸರ್‌ಪ್ಲಸ್ ಎಂಬ ಸಾಲು ಬರುತ್ತದೆ. ಅದರ ಮುಂದೆ 100 ಕೋಟಿ ಎಂದಿದ್ದರೆ ಕಂಪನಿಯ ಬಳಿ 100 ಕೋಟಿ ನಗದಿದೆ ಎಂದು ಓದುವವರನ್ನು ನಾನು ಎಷ್ಟೋ ಬಾರಿ ಕಂಡಿದ್ದೇನೆ. ಕೆಲಸ ಹುಡುಕಿಕೊಂಡು ಬರುವ ವಾಣಿಜ್ಯ ಪದವೀಧರರಲ್ಲೂ ಈ ತಪ್ಪು ಸಾಮಾನ್ಯ. ಅದು ಮಾಲೀಕರ ಪಾಲಿನ ಲೆಕ್ಕ, ಇಷ್ಟು ವರ್ಷಗಳ ಲಾಭದಲ್ಲಿ ಹಂಚದೆ ಉಳಿಸಿಕೊಂಡದ್ದು ಎಷ್ಟು ಎಂಬುದರ ದಾಖಲೆ. ಆ ಲಾಭ ಆಗಲೇ ಯಂತ್ರವಾಗಿ, ಗೋದಾಮಿನ ಸರಕಾಗಿ, ಗಿರಾಕಿಗಳಿಂದ ಬರಬೇಕಾದ ಬಾಕಿಯಾಗಿ ಮಾರ್ಪಟ್ಟಿರಬಹುದು. ಈ ಗೊಂದಲಕ್ಕೇ ಬೇಸತ್ತು 1949ರಲ್ಲಿ ಅಮೆರಿಕದ ಲೆಕ್ಕಿಗರ ಸಂಸ್ಥೆಯ ಒಂದು ಸಮಿತಿಯು ಸರ್‌ಪ್ಲಸ್ ಎಂಬ ಪದವನ್ನು ಲೆಕ್ಕಪತ್ರಗಳಲ್ಲಿ ಬಳಸುವುದನ್ನೇ ಬಿಡಬೇಕೆಂದು ಶಿಫಾರಸು ಮಾಡಿತ್ತು. ಪೋರ್ಚುಗೀಸರು ಈ ವಿಷಯದಲ್ಲಿ ಹೆಚ್ಚು ಅದೃಷ್ಟವಂತರು. ಅವರಲ್ಲಿ ಸರ್ಕಾರದ ಮಿಗತೆಗೆ ಬ್ರೆಜಿಲ್‌ನಲ್ಲಿ ಸುಪೆರಾವಿತ್ ಎಂಬ ಲ್ಯಾಟಿನ್ ಕ್ರಿಯಾಪದವಿದೆ, ಕಂಪನಿಯ ಹೆಚ್ಚುವರಿ ನಗದಿಗೆ ಎಸೆಡೆಂತಿ ದಿ ಕಾಯ್ಶ ಇದೆ, ಉಳಿಸಿಕೊಂಡ ಲಾಭಕ್ಕೆ ರೆಜೆರ್ವಸ್ ದಿ ಲುಕ್ರುಸ್ ಇದೆ. ನಮ್ಮ ಪತ್ರಿಕೆಗಳು ಉಳಿತಾಯ ಬಜೆಟ್ ಎಂದು ಬರೆಯುವಾಗ, ಕಂಪನಿಯ ನಗದಿಗೆ ಹೆಚ್ಚುವರಿ ಎಂದು ಬರೆಯುವಾಗ ಕನ್ನಡದಲ್ಲೂ ಇಂಥ ಒಂದು ವಿಂಗಡಣೆ ತಾನಾಗಿ ಮೂಡುತ್ತಿದೆ. ಅದನ್ನು ಗಟ್ಟಿ ಮಾಡಿಕೊಳ್ಳಬೇಕು.

ಪೋರ್ಚುಗಲ್ ಮತ್ತು ಬ್ರೆಜಿಲ್‌ಗಳ ನಡುವೆಯೂ ಪದಗಳು ಬೇರೆಯಾಗುತ್ತವೆ. ದುಡಿಯುವ ಬಂಡವಾಳಕ್ಕೆ ಬ್ರೆಜಿಲ್‌ನವರು ಕಪಿತಾಲ್ ದಿ ಜೀರು ಎನ್ನುತ್ತಾರೆ, ಎಂದರೆ ಸುತ್ತುವ ಬಂಡವಾಳ. ಪೋರ್ಚುಗಲ್‌ನವರು ಫುಂದು ದಿ ಮನೇಯು ಎನ್ನುತ್ತಾರೆ, ಎಂದರೆ ಕೈಯಾಡಿಸುವ ನಿಧಿ. ಲಿಸ್ಬನ್‌ನ ಪತ್ರದಲ್ಲಿ ಹೆಚ್ಚುವರಿ ಹಣ ತೆಜೊರಾರೀಯದ್ದಾಗಿರುತ್ತದೆ, ಎಂದರೆ ಖಜಾನೆಯದ್ದು. ಆ ಪದವನ್ನು ಮೊದಲು ಕೇಳಿದಾಗ ನನಗೆ ಅಪ್ಪನ ತಿಜೋರಿ ನೆನಪಾಯಿತು. ಇಂಗ್ಲಿಷಿನ ಕುಶನ್ ಅಲ್ಲಿ ಅಲ್ಮೊಫಾದ, ಎಂದರೆ ದಿಂಬು. ಬ್ರೆಜಿಲ್‌ಗೆ ಬರುವಷ್ಟರಲ್ಲಿ ಅದು ಕೋಲ್ಶಾಂವ್, ಎಂದರೆ ಇಡೀ ಹಾಸಿಗೆ. ಇನ್ನೊಂದು ಪದ ಫೋಲ್ಗ. ಅದಕ್ಕೆ ಸಡಿಲು ಎಂದೂ ವಾರದ ರಜೆ ಎಂದೂ ಅರ್ಥವಿದೆ. ಫೋಲ್ಗ ದಿ ಕಾಯ್ಶ ಎಂದರೆ ನಗದಿನಲ್ಲಿ ಸ್ವಲ್ಪ ಉಸಿರಾಡಲು ಜಾಗವಿದೆ ಎಂದಷ್ಟೇ. ಅದನ್ನು ಕಿತ್ತು ಬೇರೆ ದೇಶಕ್ಕೆ ಕಳಿಸಬಹುದು ಎಂದಲ್ಲ. ಕೇಂದ್ರ ಕಚೇರಿಯವರು ಇದನ್ನು ಓದಿ ಹಣ ಕಳಿಸಿ ಎಂದಾಗ ಎರಡು ಬಾರಿ ನಾನು ನಡುವೆ ಬಂದು ತಡೆದಿದ್ದೇನೆ.

ಎಲ್ಲ ಪದಗಳಲ್ಲಿ ನನಗೆ ಹೆಚ್ಚು ಪ್ರಿಯವಾದುದು ಬ್ರೆಜಿಲ್‌ನ ಸಹಕಾರ ಸಂಘಗಳದ್ದು. 1971ರ 5,764ನೆಯ ಸಂಖ್ಯೆಯ ಕಾನೂನಿನ ಪ್ರಕಾರ ಸಹಕಾರ ಸಂಘದ ವರ್ಷಾಂತ್ಯದ ಮಿಗತೆ ಲಾಭವಲ್ಲ, ಸೋಬ್ರಸ್. ನನ್ನನ್ನು ಮೊದಲು ಎಡವಿಸಿದ ಪದದ ಬಹುವಚನ ಅದು. ಸದಸ್ಯರಿಂದ ಬೇಕಾದದ್ದಕ್ಕಿಂತ ಹೆಚ್ಚು ಪಡೆದಿದ್ದರಿಂದ, ಇಲ್ಲವೇ ಕೊಡಬೇಕಾದದ್ದಕ್ಕಿಂತ ಕಡಿಮೆ ಕೊಟ್ಟಿದ್ದರಿಂದ ಮಿಕ್ಕಿದ ಹಣ ಅದು ಎಂಬುದು ಅಲ್ಲಿನ ತಿಳಿವಳಿಕೆ. ಅದರಲ್ಲಿ ಕನಿಷ್ಠ ಶೇಕಡಾ 10 ಕಾಯ್ದಿಟ್ಟ ನಿಧಿಗೆ, ಕನಿಷ್ಠ ಶೇಕಡಾ 5 ಸದಸ್ಯರ ಶಿಕ್ಷಣ ಮತ್ತು ನೆರವಿನ ನಿಧಿಗೆ ಹೋಗಬೇಕು. ಉಳಿದದ್ದು, ಮಹಾಸಭೆ ಬೇರೆ ರೀತಿ ತೀರ್ಮಾನಿಸದಿದ್ದರೆ, ಸದಸ್ಯರಿಗೆ ಅವರವರು ಸಂಘದೊಡನೆ ಮಾಡಿದ ವ್ಯವಹಾರದ ಪ್ರಮಾಣದಲ್ಲಿ ಮರಳುತ್ತದೆ. ಹಾಕಿದ ಷೇರಿನ ಲೆಕ್ಕ ಇಲ್ಲಿ ಬರುವುದಿಲ್ಲ. ಹಣ ಯಾರಿಂದ ಬಂತು, ಯಾರಿಗೆ ಸೇರಬೇಕು ಎಂಬುದನ್ನು ಒಂದು ಪದ ಇಷ್ಟು ನೇರವಾಗಿ ಹೇಳುವುದನ್ನು ನಾನು ಇಂಗ್ಲಿಷಿನಲ್ಲಿ ಕಂಡಿಲ್ಲ.

ನನ್ನ ಪದಪಟ್ಟಿಯಲ್ಲಿ ಈಗ ಪ್ರತಿ ಪದದ ಮುಂದೆ ಇಂಗ್ಲಿಷ್ ಅರ್ಥದ ಜೊತೆಗೆ, ಯಾವುದನ್ನು ಕಳೆದ ಮೇಲೆ ಎಂಬ ಇನ್ನೊಂದು ಅಂಕಣವಿದೆ. ಅದನ್ನು ನಾನು ತುಂಬುವುದಿಲ್ಲ, ಸಾವೊ ಪಾವ್ಲೊದವರೇ ತುಂಬುತ್ತಾರೆ. ಕಳೆದ ನವೆಂಬರಿನ ವರದಿಯಲ್ಲಿ ಹಚ್ಚಿದ ಹಣದ ಮೊತ್ತ ಎಂದಿಗಿಂತ ಬಹಳ ಹೆಚ್ಚಿತ್ತು. ಕೇಂದ್ರ ಕಚೇರಿಯಿಂದ ಆಗಲೇ, ಈ ಸರ್‌ಪ್ಲಸ್ ಕ್ಯಾಶನ್ನು ಎಂದು ಕಳಿಸುತ್ತೀರಿ ಎಂಬ ಪತ್ರ ಬಂದಿತ್ತು. ನಾನು ಆ ಹಿರಿಯ ಸಹೋದ್ಯೋಗಿಯವರಿಗೆ ಕರೆ ಮಾಡಿ, ಯಾವುದನ್ನು ಕಳೆಯಬೇಕು ಎಂದು ಕೇಳಿದೆ. ಅವರು ದೇಸಿಮು ತೆರ್ಸೇಯ್ರು ಎಂದರು. ಹದಿಮೂರನೆಯದು ಎಂದು ಅದರ ಅರ್ಥ. 1962ರ ಕಾನೂನಿನಂತೆ ಅಲ್ಲಿನ ಪ್ರತಿ ನೌಕರರಿಗೂ ವರ್ಷಕ್ಕೆ ಸಲ್ಲಬೇಕಾದ ಹದಿಮೂರನೆಯ ತಿಂಗಳ ಪಗಾರ ಅದು. ಮೊದಲ ಕಂತು ನವೆಂಬರ್ 30ರ ಒಳಗೆ, ಎರಡನೆಯದು ಡಿಸೆಂಬರ್ 20ರ ಒಳಗೆ ಅವರ ಕೈ ಸೇರಬೇಕು. ಅವರು ಒಂದೊಂದೇ ಅಂಕಿಯನ್ನು ಹೇಳುತ್ತ ಹೋದರು, ನಾನು ಒಂದೊಂದನ್ನೇ ಕಳೆಯುತ್ತ ಹೋದೆ. ಕೊನೆಗೆ ಹೆಚ್ಚುವರಿ ಎಂಬ ಸಾಲಿನ ಮುಂದೆ ಸೊನ್ನೆ ಬರೆದು, ಕೇಂದ್ರ ಕಚೇರಿಗೆ ಆ ಸಂಜೆಯೇ ಕಳಿಸಿದೆ.